ಕೊನೇ ಸಾಲಿನ ಕುರ್ಚಿಗೆ ಏನು ಕೇಳಿಸ್ತು?

ಭಾಗ 1/9
ಲಾಲಿಪಾಪ್ ಅಲ್ಲ ಕಣ್ರೋ

ಫೋಟೋದಲ್ಲಿ ನನ್ನ ಹಾಸಿಗೆ ಮೇಲೆ ಸಾಲಾಗಿ ಮಲಗಿರೋ 14 ಕೋಲುಗಳನ್ನ ನೋಡಿ. ತುದಿಯಲ್ಲಿ ಬಣ್ಣಬಣ್ಣದ ದಾರ ಸುತ್ತಿದ ಉಂಡೆ. ನಿನ್ನೆ ಸ್ಟೋರಿ ಹಾಕಿದ ತಕ್ಷಣ ಶುರುವಾಯ್ತು ನಿಮ್ಮ ಮೆಸೇಜು. "ಲಾಲಿಪಾಪ್ ಅಂಗಡಿ ಇಡ್ತಿದೀಯಾ?" "ಆನೆ ಕಿವಿ ಕ್ಲೀನ್ ಮಾಡೋ ಬಡ್ಸಾ?" ನಮ್ಮ ಕ್ಲಾಸಿನ ಒಬ್ಬ ಮಹಾನುಭಾವ "ಟ್ಯಾಲಿ ಎಕ್ಸಾಮಿಗೆ ಇದನ್ನ ತರಬಹುದಾ" ಅಂತ ಬೇರೆ ಕೇಳಿದಾನೆ.

ಇವು ಮ್ಯಾಲೆಟ್‌ಗಳು. ಮರಿಂಬಾ ಅನ್ನೋ ವಾದ್ಯ ಬಾರಿಸೋ ಕೋಲುಗಳು. ಮುಂದಿನ ಶನಿವಾರ ನಮ್ಮ ಕಾಲೇಜು ಹಾಲ್‌ನಲ್ಲಿ ನಾನೊಬ್ಬಳೇ ನಿಂತು ಬಾರಿಸ್ತಿದೀನಿ. ಇಡೀ ಐಟಂ ಎರಡೂವರೆ ನಿಮಿಷ. ಆ ಎರಡೂವರೆ ನಿಮಿಷಕ್ಕೆ ಯಾವ ನಾಲ್ಕು ಕೋಲು ಹಿಡೀಬೇಕು ಅಂತ ತೀರ್ಮಾನ ಮಾಡೋಕೆ ನನಗೆ ಹೆಚ್ಚುಕಮ್ಮಿ ಒಂದು ವರ್ಷ ಬೇಕಾಯ್ತು.

"ಕೋಲಲ್ಲಿ ಏನಿದೆ, ಬಾರಿಸೋರ ಕೈಯಲ್ಲಿ ಇರೋದು" ಅಂತ ನೀವು ಹೇಳ್ತೀರ. ನಾನೂ ಹಾಗೇ ಅಂದ್ಕೊಂಡಿದ್ದೆ. ಅದಕ್ಕೇ ಈ ಸೀರೀಸ್. ದಿನಕ್ಕೊಂದು ಪೋಸ್ಟ್.

ಇದರಲ್ಲಿ ಒಂದು ತಪ್ಪೊಪ್ಪಿಗೆನೂ ಇದೆ. ಹೋದ ವರ್ಷ ಕಲ್ಚರಲ್ಸ್‌ನಲ್ಲಿ ನಾನು ಬಾರಿಸಿದ ರೀಲ್ ನೆನಪಿದೆಯಾ? ನೀವೆಲ್ಲ ಬೆಂಕಿ ಎಮೋಜಿ ಹಾಕಿದ್ರಲ್ಲ, ಅದೇ. ಆ ರೀಲ್‌ನಲ್ಲಿ ಕೇಳಿಸಿದ್ದು ಮತ್ತು ಆವತ್ತು ಹಾಲ್‌ನಲ್ಲಿ ಕೂತೋರಿಗೆ ಕೇಳಿಸಿದ್ದು ಎರಡೂ ಬೇರೆ ಬೇರೆ. ನನಗೆ ಇದು ಆವತ್ತು ಸಂಜೆಯೇ ಗೊತ್ತಾಗಿತ್ತು. ಆದ್ರೂ ನಿಮ್ಮ ಎಮೋಜಿಗೆಲ್ಲ ಹಾರ್ಟ್ ಒತ್ತಿ ಸುಮ್ಮನಿದ್ದೆ. ಅದನ್ನ ಈಗ ಹೇಳ್ತೀನಿ, ಸ್ವಲ್ಪ ಸಮಾಧಾನವಾಗಿ.

ಭಾಗ 2/9
ಅಜ್ಜಿ ಮನೆ ಮಂಚದ ದೂರದ ನೆಂಟ

ಮೊದಲು ವಾದ್ಯದ ಪರಿಚಯ. ಮರಿಂಬಾ ಅಂದ್ರೆ ಮರದ ಪಟ್ಟಿಗಳ ಸಾಲು. ಪಿಯಾನೋ ಕೀಗಳ ತರಾನೇ ಜೋಡಣೆ. ನಾನು ಕಲಿಯೋ ಕಡೆ ಇರೋದರಲ್ಲಿ 52 ಪಟ್ಟಿಗಳಿವೆ, ನಾಲ್ಕು ಸ್ಥಾಯಿಗಿಂತ ಸ್ವಲ್ಪ ಜಾಸ್ತಿ. ಎಡಗಡೆ ಪಟ್ಟಿ ಅಗಲ, ಉದ್ದ. ಅಲ್ಲಿ ತಗ್ಗಿನ ಸ್ವರ. ಬಲಕ್ಕೆ ಹೋಗ್ತಾ ಪಟ್ಟಿ ಚಿಕ್ಕದಾಗುತ್ತೆ, ಸ್ವರ ಏರುತ್ತೆ. ಪ್ರತಿ ಪಟ್ಟಿ ಕೆಳಗೂ ಒಂದೊಂದು ಲೋಹದ ಕೊಳವೆ ನೇತಾಡ್ತಿರುತ್ತೆ. ಪಟ್ಟಿ ನಡುಗಿದಾಗ ಕೊಳವೆಯೊಳಗಿನ ಗಾಳಿಯೂ ನಡುಗಿ ಸದ್ದು ತುಂಬಿಕೊಳ್ಳುತ್ತೆ. ಕೊಳವೆ ಇಲ್ಲದಿದ್ರೆ ಟೇಬಲ್ ತಟ್ಟಿದ ಹಾಗೆ ಒಣಒಣ.

ಇದರ ಬೇರು ಆಫ್ರಿಕಾದಲ್ಲಿ. ಬೆಳೆದದ್ದು ಮಧ್ಯ ಅಮೆರಿಕಾದಲ್ಲಿ. ಗ್ವಾಟೆಮಾಲಾ ದೇಶದ ರಾಷ್ಟ್ರೀಯ ವಾದ್ಯವೇ ಮರಿಂಬಾ. ಅಲ್ಲಿನ ಹಳೇ ಮರಿಂಬಾಗಳಿಗೆ ಕೊಳವೆ ಬದಲು ಸೋರೆಬುರುಡೆ ಕಟ್ಟುತ್ತಿದ್ರು, ಕೋಲಿನ ತುದಿಗೆ ರಬ್ಬರ್ ಪಟ್ಟಿ ಸುತ್ತುತ್ತಿದ್ರು. ಆಮೇಲೆ ಅಮೆರಿಕಾದಲ್ಲಿ ಫ್ಯಾಕ್ಟರಿಗಳು ಅದನ್ನ ತಯಾರಿಸೋಕೆ ಶುರು ಮಾಡಿದ್ವು. ಜಪಾನಿನ ಕೈಕೊ ಅಬೆ, 1937ರಲ್ಲಿ ಹುಟ್ಟಿದವರು, ಯಮಾಹಾ ಕಂಪನಿ ಜೊತೆ ಸೇರಿ ಐದು ಸ್ಥಾಯಿಯ ಮರಿಂಬಾ ರೂಪಿಸಿದ್ರು. ಇವತ್ತು ವೇದಿಕೆ ಮೇಲೆ ಒಬ್ಬರೇ ನಿಂತು ಮರಿಂಬಾ ಬಾರಿಸೋ ಪದ್ಧತಿ ಬೆಳೆದಿರೋದರಲ್ಲಿ ಅವರ ಪಾಲು ದೊಡ್ಡದು.

ಈಗ ನಮ್ಮ ಕಡೆ ನಂಟು. ಒಳ್ಳೇ ಮರಿಂಬಾದ ಪಟ್ಟಿ ಮಾಡೋದು ರೋಸ್‌ವುಡ್‌ನಿಂದ. ಮಧ್ಯ ಅಮೆರಿಕಾದಲ್ಲಿ ಬೆಳೆಯೋ ಹೊಂಡುರಾಸ್ ರೋಸ್‌ವುಡ್. ಇದು ನಮ್ಮ ಬೀಟೆ ಮರದ ಕುಲದ್ದೇ. ಎರಡರ ಸಸ್ಯಶಾಸ್ತ್ರೀಯ ಹೆಸರೂ ಡಾಲ್ಬರ್ಜಿಯಾ ಅಂತಲೇ ಶುರುವಾಗೋದು. ಮಲೆನಾಡಿನ ಕಡೆಯವರಿಗೆ ಬೀಟೆ ಅಂದ್ರೆ ಏನು ಅಂತ ನಾನು ಹೇಳಬೇಕಿಲ್ಲ. ತೀರ್ಥಹಳ್ಳಿ ಹತ್ತಿರ ನಮ್ಮ ಅಜ್ಜಿ ಮನೆಯಲ್ಲಿ ಒಂದು ಬೀಟೆ ಮಂಚ ಇದೆ. ಚಿಕ್ಕವಳಿದ್ದಾಗ ಅದರ ಕಾಲಿಗೆ ಸ್ಟೀಲ್ ಚಮಚದಿಂದ ಬಡೀತಿದ್ದೆ. "ಅದ್ಕೆ ಗೀರು ಬೀಳ್ತು ಮಾರಾಯ್ತಿ, ಹೊಡೀಬ್ಯಾಡ" ಅಂತ ಅಜ್ಜಿ ಚಮಚ ಕಿತ್ಕೊಳ್ತಿದ್ರು.

ಅಜ್ಜಿ ಮಾತನ್ನ ಇಪ್ಪತ್ತರ ಹತ್ತಿರ ಬಂದ ಮೇಲೂ ಕೇಳಲಿಲ್ಲ ನಾನು. ಅದು ಭಾಗ 6ರಲ್ಲಿ.

ಭಾಗ 3/9
ಉಂಡೆಯೊಳಗೆ ಏನಿದೆ

ಒಂದು ಮ್ಯಾಲೆಟ್ ಅಂದ್ರೆ ಮೂರು ಭಾಗ. ಕೋಲು, ತುದಿಯಲ್ಲಿ ರಬ್ಬರ್ ಅಥವಾ ಪ್ಲಾಸ್ಟಿಕ್ ಉಂಡೆ, ಅದರ ಮೇಲೆ ಸುತ್ತಿದ ಉಣ್ಣೆ ದಾರ.

ಕೋಲು ಎರಡು ತರ. ಬರ್ಚ್ ಮರದ್ದು ನೆಟ್ಟಗೆ, ಬಾಗಲ್ಲ. ಇನ್ನೊಂದು ಬೆತ್ತ. ಹೌದು, ನಮ್ಮ ಪಿಟಿ ಮೇಷ್ಟ್ರ ಕೈಯಲ್ಲಿ ಇರ್ತಿತ್ತಲ್ಲ, ಅದೇ ಜಾತಿ. ಸ್ವಲ್ಪ ಬಳುಕುತ್ತೆ. ಕೆಲವರಿಗೆ ಆ ಬಳುಕು ಇಷ್ಟ. ನನಗೆ ಒಂದೊಂದು ಕೈಯಲ್ಲಿ ಎರಡೆರಡು ಕೋಲು ಹಿಡಿದಾಗ ಬಳುಕಿದ್ರೆ ಲೆಕ್ಕ ತಪ್ಪುತ್ತೆ. ಅದಕ್ಕೆ ಬರ್ಚ್.

ಸದ್ದು ಬದಲಾಗೋದು ಹೆಚ್ಚಾಗಿ ಉಂಡೆ ಮತ್ತು ದಾರದಿಂದ. ಉಂಡೆ ಗಟ್ಟಿ ಇದ್ದು ದಾರ ಬಿಗಿಯಾಗಿ ಸುತ್ತಿದ್ರೆ ಅದು ಗಟ್ಟಿ ಮ್ಯಾಲೆಟ್. ಉಂಡೆ ಮೆತ್ತಗಿದ್ದು ದಾರ ದಪ್ಪ, ಸಡಿಲ ಇದ್ರೆ ಮೆತ್ತನೆ ಮ್ಯಾಲೆಟ್. ಇವೆರಡರ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಬೇರೆ ಬೇರೆ ಗಟ್ಟಿತನದವು ಸಿಗ್ತವೆ.

ಇದರಿಂದ ಸದ್ದು ಯಾಕೆ ಬದಲಾಗುತ್ತೆ? ಇಲ್ಲಿ ಸ್ವಲ್ಪ ಫಿಸಿಕ್ಸ್. ಕಾಮರ್ಸ್‌ನವರು ಓಡಿಹೋಗಬೇಡಿ, ನಾನೂ ನಿಮ್ಮವಳೇ.

ಪಟ್ಟಿಗೆ ಬಡಿದ್ರೆ ಒಂದೇ ಸ್ವರ ಬರಲ್ಲ. ಮೂಲ ಸ್ವರದ ಬೆನ್ನಿಗೆ ಅದಕ್ಕಿಂತ ಮೇಲಿನ ಸ್ವರಗಳೂ ಸಣ್ಣದಾಗಿ ಹುಟ್ಟುತ್ತವೆ. ಮರಿಂಬಾ ಮಾಡೋರು ಪಟ್ಟಿಯ ಅಡಿಭಾಗವನ್ನ ಕಮಾನಿನ ಹಾಗೆ ಕೆತ್ತಿ, ಆ ಮೇಲಿನ ಸ್ವರಗಳಲ್ಲಿ ಮೊದಲನೇದು ಸರಿಯಾಗಿ ಎರಡು ಸ್ಥಾಯಿ ಮೇಲೆ ಕೂರೋ ಹಾಗೆ ಶ್ರುತಿ ಮಾಡ್ತಾರೆ. ಅಂದ್ರೆ ಮೂಲದ ನಾಲ್ಕು ಪಟ್ಟು ವೇಗದ ಕಂಪನ. ಇದರ ಅಣ್ಣತಮ್ಮ ಕ್ಸೈಲೋಫೋನ್‌ನಲ್ಲಿ ಸಾಮಾನ್ಯವಾಗಿ ಅದು ಮೂರು ಪಟ್ಟು. ಎರಡರ ಸದ್ದು ಬೇರೆ ಬೇರೆ ಇರೋಕೆ ಇದೂ ಒಂದು ಕಾರಣ.

ಮೆತ್ತನೆ ಉಂಡೆ ಪಟ್ಟಿಗೆ ತಾಗಿದಾಗ ಸ್ವಲ್ಪ ಚಪ್ಪಟೆಯಾಗಿ, ಸೆಕೆಂಡಿನ ಸಣ್ಣ ಪಾಲಿನಷ್ಟು ಹೊತ್ತು ಜಾಸ್ತಿ ಅಲ್ಲೇ ಕೂತಿರುತ್ತೆ. ಅಷ್ಟರಲ್ಲೇ ವೇಗದ ಕಂಪನಗಳನ್ನ ನುಂಗಿಬಿಡುತ್ತೆ. ಉಳಿಯೋದು ಹೆಚ್ಚಾಗಿ ಮೂಲ ಸ್ವರ, ದುಂಡಗೆ, ಬೆಚ್ಚಗೆ. ಗಟ್ಟಿ ಉಂಡೆ ತಾಗಿದ ತಕ್ಷಣ ಪುಟಿದು ಎದ್ದುಬಿಡುತ್ತೆ. ಮೇಲಿನ ಸ್ವರಗಳೂ ಬದುಕಿ ಉಳಿದು, ಪ್ರತಿ ಏಟಿಗೂ ಒಂದು ಸ್ಪಷ್ಟವಾದ "ಟಕ್" ಬರುತ್ತೆ.

ಬೆಚ್ಚಗಿರೋದು ಬೇಕಾ, ಸ್ಪಷ್ಟವಾಗಿರೋದು ಬೇಕಾ? ನನ್ನ ಒಂದು ವರ್ಷದ ಜಗಳ ಇಷ್ಟೇ.

ಭಾಗ 4/9
11,400 ರೂಪಾಯಿಯ ಬೆಣ್ಣೆ

ಹೋದ ವರ್ಷ ರಜೆಯಲ್ಲಿ ನಾನು ಒಬ್ಬ ಆಡಿಟರ್ ಆಫೀಸಿನಲ್ಲಿ ಎರಡು ತಿಂಗಳು ಕೆಲಸ ಮಾಡಿದ್ದೆ. ಬೆಳಿಗ್ಗೆಯಿಂದ ಸಂಜೆವರೆಗೂ ಬಿಲ್ ನೋಡಿ ಎಂಟ್ರಿ, ಬಿಲ್ ನೋಡಿ ಎಂಟ್ರಿ. ಕಣ್ಣು ಮುಚ್ಚಿದ್ರೂ ಜಿಎಸ್‌ಟಿ ನಂಬರ್ ಕಾಣಿಸ್ತಿತ್ತು. ಆ ದುಡ್ಡಲ್ಲಿ ಎರಡು ಜೊತೆ ಮ್ಯಾಲೆಟ್ ತರಿಸ್ಕೊಂಡೆ. ಹೊರದೇಶದ್ದು. ಶಿಪ್ಪಿಂಗ್, ಡ್ಯೂಟಿ ಎಲ್ಲ ಸೇರಿ 11,400 ರೂಪಾಯಿ. ಅಮ್ಮನ ಹತ್ರ "ನಾಲ್ಕು ಸಾವಿರ" ಅಂದೆ. (ಅಮ್ಮ, ನೀನು ಇದನ್ನ ಓದ್ತೀಯ ಅಂತ ಗೊತ್ತು. ಸಾರಿ.)

ಆರಿಸಿದ್ದು ಹೇಗೆ? ನಾನು ಪ್ರಾಕ್ಟೀಸ್ ಮಾಡೋ ರೂಮ್ ತುಂಬ ಚಿಕ್ಕದು. ನೆಲಕ್ಕೆ ಕಾರ್ಪೆಟ್, ಗೋಡೆಗೆ ಫೋಮ್. ಪಕ್ಕದ ಮನೆಯವರು ಕಂಪ್ಲೇಂಟ್ ಮಾಡಬಾರದಲ್ಲ, ಅದಕ್ಕೆ. ಅಂಥ ರೂಮಲ್ಲಿ ಸದ್ದು ಹುಟ್ಟಿದಲ್ಲೇ ಸತ್ತುಹೋಗುತ್ತೆ. ಗಟ್ಟಿ ಮ್ಯಾಲೆಟ್ ಹಿಡಿದ್ರೆ ಬರೀ ಟಕಟಕ, ಬಾಗಿಲು ಬಡಿದ ಹಾಗೆ. ಮೆತ್ತನೇದು ಹಿಡಿದ್ರೆ ಆಹಾ, ಬಿಸಿ ದೋಸೆ ಮೇಲೆ ಬೆಣ್ಣೆ ಕರಗಿದ ಹಾಗೆ. ಸರ್ ಹತ್ರ ಇದ್ದ ಒಂದು ಹಳೇ ಮೆತ್ತನೆ ಜೊತೆಯಲ್ಲಿ ಬಾರಿಸಿ ಬಾರಿಸಿ ಮರುಳಾಗಿ, ಅದೇ ಮೆಟ್ಟಿಲಿನದ್ದು ಆರ್ಡರ್ ಮಾಡಿದೆ.

"ಯಾವ ಹಾಲ್‌ನಲ್ಲಿ ಬಾರಿಸ್ತೀಯ?" ಅಂತ ಸರ್ ಕೇಳಿದ್ರು.

"ಕಾಲೇಜಲ್ಲಿ ಸರ್."

"ಒಂದ್ಸಲ ಅಲ್ಲಿ ಹೋಗಿ ಚಪ್ಪಾಳೆ ತಟ್ಟಿ ನೋಡು ಮೊದಲು."

ನಾನು ತಟ್ಟಲಿಲ್ಲ. ನಗು ಬಂತು. ಆರ್ಡರ್ ಹಾಕಿ ಆಗಿತ್ತಲ್ಲ.

ಕಲ್ಚರಲ್ಸ್ ದಿನ ಮರಿಂಬಾ ಬಿಚ್ಚಿ, ಟಾಟಾ ಏಸ್‌ನಲ್ಲಿ ಹಾಕ್ಕೊಂಡು ಬಂದ್ವಿ. ಸ್ಟೇಜ್ ಮೇಲೆ ಜೋಡಿಸಿ, ನಮ್ಮ ಕ್ಲಾಸಿನವನು ಫೋನನ್ನ ವಾದ್ಯದಿಂದ ಮೂರಡಿ ದೂರದಲ್ಲಿ ಸ್ಟ್ಯಾಂಡ್ ಹಾಕಿ ಇಟ್ಟ. ನೀವು ನೋಡಿದ ರೀಲ್ ಅದೇ. ಮೂರಡಿ ದೂರದಿಂದ ಎಲ್ಲವೂ ಬೆಣ್ಣೆ.

ಭಾಗ 5/9
"ಯಾವ ಟ್ಯೂನ್ ಅದು?"

ನಾನು ಬಾರಿಸಿದ್ದು ಬಾಖ್ ಬರೆದ ಮೊದಲನೇ ಚೆಲ್ಲೊ ಸ್ವೀಟ್‌ನ ಪ್ರೆಲ್ಯೂಡ್. ಸುಮಾರು 300 ವರ್ಷ ಹಳೇದು. ಚೆಲ್ಲೊ ಅಂದ್ರೆ ನೆಲಕ್ಕೆ ಊರಿ, ಕೂತು ಬಾರಿಸೋ ದೊಡ್ಡ ಪಿಟೀಲು. ಒಂದೇ ಚೆಲ್ಲೊಗೆ ಬರೆದ ಈ ಪೀಸ್‌ನ ಈಗ ಮರಿಂಬಾದವರು ಬಹಳ ಬಾರಿಸ್ತಾರೆ. ಚೆಲ್ಲೊದ ತಗ್ಗು ಸ್ವರಗಳಲ್ಲಿ ಕೆಲವು ನಮ್ಮ ಮರಿಂಬಾದಲ್ಲಿ ಇಲ್ಲವೇ ಇಲ್ಲ, ಅದಕ್ಕೆ ನಾನು ಇಡೀ ಪೀಸ್‌ನ ಒಂದು ಸ್ಥಾಯಿ ಮೇಲಕ್ಕೆ ಎತ್ತಿ ಬಾರಿಸ್ತೀನಿ.

ಒಟ್ಟು 42 ಮೆಷರ್. ಬಹುತೇಕ ಪ್ರತಿ ಮೆಷರ್‌ನಲ್ಲೂ 16 ಸ್ವರ, ಒಂದರ ಹಿಂದೆ ಒಂದು, ಉಸಿರು ಬಿಡೋಕೂ ಜಾಗ ಇಲ್ಲ. ಇದು ತಲೆಯಲ್ಲಿರಲಿ.

ನಮ್ಮ ಕಾಲೇಜು ಹಾಲ್ ಹೇಗಿದೆ ನಿಮಗೆ ಗೊತ್ತು. ಗ್ರಾನೈಟ್ ನೆಲ, ಎತ್ತರದ ತಾರಸಿ, ಪರದೆ ಇಲ್ಲ, ಪ್ಲಾಸ್ಟಿಕ್ ಕುರ್ಚಿ. ಪ್ರಿನ್ಸಿಪಾಲರು "ವಿದ್ಯಾರ್ಥಿಗಳೇ" ಅಂದ್ರೆ "ಗಳೇ... ಗಳೇ" ಅಂತ ಎರಡು ಸಲ ವಾಪಸ್ ಬರುತ್ತಲ್ಲ, ಅದೇ ಹಾಲ್. ಅಂಥ ಕಡೆ ಒಂದು ಸ್ವರ ಸಾಯೋದರೊಳಗೆ ಇನ್ನು ಮೂರ್ನಾಲ್ಕು ಸ್ವರ ಅದರ ಮೇಲೆ ಬಂದು ಬೀಳ್ತವೆ. ಪ್ರತಿ ಸ್ವರಕ್ಕೂ ಒಂದು ಸ್ಪಷ್ಟವಾದ ಶುರು ಇದ್ರೆ ಕಿವಿ ಹೇಗೋ ಬಿಡಿಸ್ಕೊಳ್ಳುತ್ತೆ. ನನ್ನ ಬೆಣ್ಣೆ ಮ್ಯಾಲೆಟ್‌ನಲ್ಲಿ ಆ ಶುರುವೇ ಇರಲಿಲ್ಲ.

ಮುಗಿಸಿದೆ. ಚಪ್ಪಾಳೆ ಬಿತ್ತು. ಕೆಳಗೆ ಇಳಿದು ಬಂದೆ. ನನ್ನ ಬೆಂಚ್‌ಮೇಟ್ ಕೊನೇ ಸಾಲಲ್ಲಿ ಕೂತಿದ್ಲು, ಲೇಟಾಗಿ ಬಂದಿದ್ದಕ್ಕೆ.

"ಹೇಗಿತ್ತು?"

"ಚೆನ್ನಾಗಿತ್ತು ಕಣೇ..."

"ಆದ್ರೆ?"

"ಬೇಜಾರ್ ಮಾಡ್ಕೋಬೇಡ. ಯಾವ ಟ್ಯೂನ್ ಅದು ಅಂತ ಗೊತ್ತಾಗ್ಲಿಲ್ಲ. ದೇವಸ್ಥಾನದಲ್ಲಿ ದೊಡ್ಡ ಗಂಟೆ ಹೊಡೆದ ಮೇಲೆ ಗುಂಯ್ ಅಂತಿರುತ್ತಲ್ಲ, ಆ ಥರ ಕೇಳಿಸ್ತು. ಪೂರ್ತಿ."

ನಾನು ಏನಂದೆ ಗೊತ್ತಾ? "ನಿಂಗೆ ವೆಸ್ಟರ್ನ್ ಕೇಳಿ ಅಭ್ಯಾಸ ಇಲ್ಲ, ಬಿಡು."

ಅವಳು ಏನೂ ಮಾತಾಡಲಿಲ್ಲ. ಒಂಬತ್ತು ದಿನ ನಾವಿಬ್ರೂ ಒಂದೇ ಬೆಂಚಲ್ಲಿ ಕೂತು ಮಾತಾಡಲಿಲ್ಲ. ಅದರ ನಡುವೆ ರೀಲ್ ಓಡ್ತಾನೇ ಇತ್ತು. ಅವಳೂ ಅದಕ್ಕೆ ಲೈಕ್ ಒತ್ತಿದ್ಲು.

ಭಾಗ 6/9
ಐದಕ್ಕೆ ಐದು ಮಾರ್ಕು

ಕಾಸ್ಟಿಂಗ್ ಕ್ಲಾಸಲ್ಲಿ ಸಂಕ್ ಕಾಸ್ಟ್ ಓದಿದ್ವಿ ನೆನಪಿದೆಯಾ? ಆಗಲೇ ಖರ್ಚಾಗಿ ಹೋಗಿರೋ, ಏನು ಮಾಡಿದ್ರೂ ವಾಪಸ್ ಬರದ ದುಡ್ಡು. ಮುಂದಿನ ನಿರ್ಧಾರ ಮಾಡುವಾಗ ಅದನ್ನ ಲೆಕ್ಕಕ್ಕೆ ಹಿಡೀಬಾರದು. ಇಂಟರ್ನಲ್ಸ್‌ನಲ್ಲಿ ಬರೆದೆ, ಐದಕ್ಕೆ ಐದು ಬಂತು. ಅದೇ ಸಂಜೆ ಪ್ರಾಕ್ಟೀಸಿಗೆ ಹೋಗಿ ಮತ್ತೆ ಅದೇ 11,400 ರೂಪಾಯಿ ಕೋಲು ಹಿಡಿದೆ. ನಾಲ್ಕು ತಿಂಗಳು ಹಿಡಿದೆ. ದುಡ್ಡು ಕೊಟ್ಟಿದೀನಲ್ಲ ಅಂತ.

ಒಂದಿನ ಸರ್ ಮಧ್ಯದಲ್ಲಿ ನಿಲ್ಲಿಸಿದ್ರು. "ಇಪ್ಪತ್ತನೇ ಮೆಷರ್‌ನಲ್ಲಿ ಎರಡು ಸ್ವರ ತಪ್ಪು ಹೊಡೀತಿದೀಯ. ಎಷ್ಟು ದಿನದಿಂದ?"

ನನಗೆ ಗೊತ್ತೇ ಇರಲಿಲ್ಲ. ಆ ಮೆತ್ತನೆ ಸದ್ದಿನ ಕಂಬಳಿಯೊಳಗೆ ತಪ್ಪು ಮಲಗಿ ನಿದ್ದೆ ಮಾಡ್ತಿತ್ತು. ಆವತ್ತು ಬಸ್ಸಲ್ಲಿ ಮನೆಗೆ ಬರುವಾಗ ಅನ್ನಿಸ್ತು: ನಾನು ಈ ಮ್ಯಾಲೆಟ್‌ನ ಬಿಡದೇ ಇರೋದು ದುಡ್ಡಿಗಾಗಿ ಮಾತ್ರ ಅಲ್ಲ. ಅದು ನನ್ನನ್ನ ಚೆನ್ನಾಗಿ ಬಾರಿಸೋಳ ಹಾಗೆ ಕೇಳಿಸ್ತಿತ್ತು.

ಸಿಟ್ಟು ಬಂತು. ಸಿಟ್ಟಲ್ಲಿ ಮಾಡೋ ಕೆಲಸ ಹೇಗಿರುತ್ತೆ ಗೊತ್ತಲ್ಲ. ಮಾರನೇ ದಿನ ಸರ್ ಬರೋದರೊಳಗೆ ಹೋಗಿ, ಕ್ಸೈಲೋಫೋನ್ ಡಬ್ಬಿಯಿಂದ ಗಟ್ಟಿ ಪ್ಲಾಸ್ಟಿಕ್ ತಲೆಯ ಕೋಲು ತೆಗೆದೆ. ದಾರ ಗೀರ ಏನಿಲ್ಲ, ಬರೀ ಪ್ಲಾಸ್ಟಿಕ್. ಸ್ಪಷ್ಟ ಬೇಕಾ, ತಗೋ ಸ್ಪಷ್ಟ ಅಂತ ಬಾರಿಸಿದೆ. ಎಡಗಡೆಯ ದೊಡ್ಡ ಪಟ್ಟಿಗಳ ಮೇಲೂ.

ಕ್ಸೈಲೋಫೋನ್ ಪಟ್ಟಿ ದಪ್ಪ, ಅಂಥ ಏಟಿಗೇ ಮಾಡಿರೋದು. ಮರಿಂಬಾದ ತಗ್ಗಿನ ಪಟ್ಟಿ ನಡುವಲ್ಲಿ ತೆಳು. ಬಾರಿಸಿ ಮುಗಿಸಿ ನೋಡಿದ್ರೆ, ತಗ್ಗಿನ ಒಂದು ಪಟ್ಟಿಯ ನಟ್ಟನಡುವೆ ಉಗುರಿನ ತುದಿಯಷ್ಟು ತಗ್ಗು ಬಿದ್ದಿತ್ತು. ಅರ್ಧಚಂದ್ರದ ಹಾಗೆ.

11 ದಿನ ಯಾರಿಗೂ ಹೇಳಲಿಲ್ಲ. ಪ್ರಾಕ್ಟೀಸಿಗೆ ಹೋದಾಗೆಲ್ಲ ಆ ಪಟ್ಟಿ ಮೇಲೆ ಟವಲ್ ಹಾಕಿಡ್ತಿದ್ದೆ. ಹನ್ನೆರಡನೇ ದಿನ ತಡೀಲಾರದೆ ಹೇಳಿದೆ. "ಸರ್, ದುಡ್ಡು ಕೊಡ್ತೀನಿ."

ಸರ್ ಪಟ್ಟಿನ ಬೆರಳಲ್ಲಿ ಸವರಿ ನೋಡಿದ್ರು. ಕೊಳವೆ ಮೇಲೆ ಬಗ್ಗಿ ಒಂದು ಸಲ ಬಾರಿಸಿದ್ರು. "ಶ್ರುತಿ ಸರಿ ಇದೆ. ಗುರುತು ಹೋಗಲ್ಲ. ಇದು ಗಾಯ ಮಾಯೋ ಮೈಯಲ್ಲ, ಮರ." ಸ್ವಲ್ಪ ಹೊತ್ತು ಬಿಟ್ಟು, "ನಾಳೆಯಿಂದ ಎಲ್ಲರ ಮ್ಯಾಲೆಟ್ ಡಬ್ಬಿ ನೀನೇ ನೋಡ್ಕೋ. ಯಾವುದು ಯಾವ ವಾದ್ಯಕ್ಕೆ ಅಂತ ಚೀಟಿ ಅಂಟಿಸು" ಅಂದ್ರು.

ಅಂಟಿಸಿದೆ. ಎರಡನೇ ಫೋಟೋದಲ್ಲಿರೋ ಡಬ್ಬಿಗಳು, ಆ ಕೆಟ್ಟ ಕೈಬರಹ, ಎಲ್ಲ ನಂದೇ.

ಭಾಗ 7/9
ಡೆಬಿಟ್, ಕ್ರೆಡಿಟ್

ಈ ಸಲ ಸರಿಯಾಗಿ ಆರಿಸಬೇಕು ಅಂತ ತೀರ್ಮಾನ ಮಾಡಿದೆ. ಎರಡು ವಾರ ಮೊದಲೇ ಮರಿಂಬಾ ತಂದು ಹಾಲ್‌ನಲ್ಲಿ ಇಟ್ವಿ. ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ವಾಚ್‌ಮನ್ ಅಂಕಲ್ ಬೀಗ ತೆಗೆದ್ರು. ಮೊದಲು ಮಾಡಿದ ಕೆಲಸ: ನಿಂತು ಒಂದು ಸಲ ಚಪ್ಪಾಳೆ ತಟ್ಟಿದೆ. ಎಷ್ಟು ಹೊತ್ತು ಉಳೀತು ಅಂದ್ರೆ, ಒಂದು ವರ್ಷದ ಹಿಂದೆ ಸರ್ ಹೇಳಿದ್ದು ಆಗ ಅರ್ಥ ಆಯ್ತು.

ಬೆಂಚ್‌ಮೇಟ್‌ಗೆ ಹಿಂದಿನ ರಾತ್ರಿ ಮೆಸೇಜ್ ಹಾಕಿದ್ದೆ. "ನಾಳೆ ಬೆಳಿಗ್ಗೆ ಕೊನೇ ಸಾಲಲ್ಲಿ ಕೂತ್ಕೋತೀಯಾ? ಆವತ್ತು ನೀನು ಹೇಳಿದ್ದೇ ಸರಿ. ಸಾರಿ." ಬಂದ ಉತ್ತರ: "ತಿಂಡಿ ಕೊಡಿಸ್ತೀಯಾ?"

ಏಳು ಜೊತೆ ಮ್ಯಾಲೆಟ್ ಇತ್ತು. ಪ್ರತಿಯೊಂದರಲ್ಲೂ ಅದೇ ಮೂರು ತುಣುಕು ಬಾರಿಸೋದು: ಶುರುವಿನ ಎರಡು ಮೆಷರ್, ಕೊನೇ ಭಾಗದಲ್ಲಿ ಸ್ವರಗಳು ಒತ್ತೊತ್ತಾಗಿ ಮೇಲೇರೋ ಜಾಗ, ಆಮೇಲೆ ಕೊನೇ ಸ್ವರಮೇಳ. ಅವಳಿಗೆ ಯಾವ ಕೋಲು ಅಂತ ತೋರಿಸಲಿಲ್ಲ, ವಾದ್ಯದ ಮುಂದೆ ಒಂದು ಬ್ಯಾನರ್ ಅಡ್ಡ ಇಟ್ಟಿದ್ವಿ. ಅವಳು ನೋಟ್‌ಬುಕ್‌ನಲ್ಲಿ ಗೆರೆ ಹೊಡೆದು ಎಡಕ್ಕೆ "ಕೆಟ್ಟದ್ದು", ಬಲಕ್ಕೆ "ಒಳ್ಳೇದು" ಅಂತ ಬರೆದ್ಲು. ಪಕ್ಕಾ ಲೆಡ್ಜರ್.

ಅವಳು ಬರೆದಿದ್ದು ಮೂರನೇ ಫೋಟೋದಲ್ಲಿದೆ. 1ನೇ ಜೊತೆ: "ಗುಂಯ್. ಹೋದ ವರ್ಷದ್ದೇ ಅಲ್ವಾ?" (ಹೌದು.) 4ನೇ ಜೊತೆ: "ಪ್ರತಿ ಸ್ವರ ಬಂತು, ಆದ್ರೆ ಮೊದಲನೇ ದಪ್ಪ ಸ್ವರ ಸಪ್ಪೆ." 6ನೇ ಜೊತೆ: "ಟೈಪಿಂಗ್ ಕ್ಲಾಸ್." ಸಂಗೀತ ಕಲಿಯದ ಹುಡುಗಿ ಬರೆದ ಒಂದೊಂದು ಸಾಲೂ ನೇರವಾಗಿ ಗುರಿಗೆ ಬಿದ್ದಿತ್ತು.

ಆಮೇಲೆ ಸರ್ ಬಂದು, ಅದೇ ಪೀಸ್‌ನ ಅವರು ಬಾರಿಸಿದ್ರು. ನಾನು ಕೊನೇ ಸಾಲಿಗೆ ಹೋಗಿ ಕೂತೆ. ಮೂರು ವರ್ಷದಿಂದ ಆ ವಾದ್ಯದ ಹಿಂದೆ ನಿಂತಿದೀನಿ. ಅಷ್ಟು ದೂರದಿಂದ ಅದನ್ನ ಕೇಳಿದ್ದು ಅದೇ ಮೊದಲು. ವಾದ್ಯದ ಹತ್ರ ಒರಟಾಗಿ, ಜಾಸ್ತಿ ಟಕಟಕ ಅನ್ನಿಸ್ತಿದ್ದ ಜೊತೆ, ಅಷ್ಟು ದೂರ ಬರೋದರೊಳಗೆ ಮೃದುವಾಗಿ ತಿಳಿಯಾಗಿತ್ತು. ಹತ್ತಿರದಲ್ಲಿ ಬೆಣ್ಣೆ ಅನ್ನಿಸಿದ್ದು ಇಲ್ಲಿಗೆ ಬರೋದರೊಳಗೆ ಕರಗಿ ಹೋಗಿತ್ತು.

ಸರ್ ಇನ್ನೊಂದು ಎಚ್ಚರಿಕೆನೂ ಕೊಟ್ರು. ಖಾಲಿ ಹಾಲ್ ಜಾಸ್ತಿ ಪ್ರತಿಧ್ವನಿಸುತ್ತೆ. ಜನ ತುಂಬಿದ್ರೆ ಅವರ ಮೈ, ಬಟ್ಟೆ ಸದ್ದನ್ನ ಹೀರ್ಕೊಳ್ಳುತ್ತೆ. ಆದ್ದರಿಂದ ಖಾಲಿ ಹಾಲ್‌ನಲ್ಲಿ ಬೇಕು ಅನ್ನಿಸಿದ್ದಕ್ಕಿಂತ ಒಂಚೂರು ಮೆತ್ತಗೆ ಹೋದ್ರೂ ನಡೆಯುತ್ತೆ.

ಭಾಗ 8/9
ನಾಲ್ಕು ಕೋಲು, ಮೂರು ಗಟ್ಟಿತನ

ನಾಳೆ ಶನಿವಾರ. ಆರಿಸಿದ್ದು ಇದು.

ನಾನು ಎಡದಿಂದ ಬಲಕ್ಕೆ 1, 2, 3, 4 ಅಂತ ಎಣಿಸ್ತೀನಿ. ನಾಲ್ಕೂ ಒಂದೇ ಗಟ್ಟಿತನದ್ದು ಇರಬೇಕು ಅಂತ ರೂಲ್ ಇಲ್ಲ. ಎಡಗಡೆ ತಗ್ಗಿನ ಪಟ್ಟಿಗೆ ಮೆತ್ತನೇದು, ಬಲಕ್ಕೆ ಹೋಗ್ತಾ ಗಟ್ಟಿ, ಹೀಗೆ ಜೋಡಿಸೋದು ಮರಿಂಬಾದವರಲ್ಲಿ ಮಾಮೂಲು. ದೊಡ್ಡ ಪಟ್ಟಿಯ ಮೂಲ ಸ್ವರ ಎಬ್ಬಿಸೋಕೆ ತೂಕದ, ಮೆತ್ತನೆ ತಲೆ ಬೇಕು. ಚಿಕ್ಕ ಪಟ್ಟಿಗೆ ಅದೇ ಮೆತ್ತನೇದು ಹಾಕಿದ್ರೆ ಬಾಯಿಗೆ ಬಟ್ಟೆ ಕಟ್ಟಿದ ಹಾಗೆ.

ಈ ಪೀಸ್‌ನ ಶುರುವಿನಲ್ಲಿ ಪ್ರತಿ ಅರ್ಧ ಮೆಷರ್ ಶುರುವಾಗೋದು ಒಂದು ತಗ್ಗಿನ ಸ್ವರದಿಂದ. ಅದು ನೆಲ. ಮೇಲೆ ಓಡಾಡೋ ಸ್ವರಗಳು ಅದರ ಮೇಲೆ ನಡೀಬೇಕು. ನೆಲ ತುಂಬಿ ಬರಬೇಕು, ಹೆಜ್ಜೆಗಳು ಬಿಡಿಬಿಡಿಯಾಗಿ ಕೇಳಬೇಕು. ಅದಕ್ಕೆ 1 ಮೆತ್ತನೇದು, 2 ಮತ್ತು 3 ಮಧ್ಯಮ, 4 ಮಧ್ಯಮಕ್ಕಿಂತ ಒಂದು ಮೆಟ್ಟಿಲು ಗಟ್ಟಿ.

ನಷ್ಟನೂ ಇದೆ. ಕೊನೇ ಸ್ವರಮೇಳವನ್ನ ಚೆಲ್ಲೊದವರು ಬಿಲ್ಲಿಂದ ಎಳೆದು ಉಳಿಸ್ತಾರೆ. ಮರಿಂಬಾದಲ್ಲಿ ಎಳೆಯೋಕೆ ಏನಿಲ್ಲ, ಪಟಪಟ ಅಂತ ಮತ್ತೆ ಮತ್ತೆ ಬಾರಿಸಿ ಉದ್ದ ಮಾಡಬೇಕು. ಅದಕ್ಕೆ ರೋಲ್ ಅಂತಾರೆ. ನಾಲ್ಕೂ ಮೆತ್ತನೇದಿದ್ರೆ ರೋಲ್ ರೇಷ್ಮೆ. 4ನೇದು ಗಟ್ಟಿ ಇರೋದರಿಂದ ಏಟು ಸ್ವಲ್ಪ ಕೇಳಿಸುತ್ತೆ. ಮಧ್ಯದಲ್ಲಿ ಕೋಲು ಬದಲಾಯಿಸೋಕೆ ಟೈಮಿಲ್ಲ. ಒಂದು ಸ್ವರಮೇಳಕ್ಕೋಸ್ಕರ 41 ಮೆಷರ್ ಬಲಿ ಕೊಡಲ್ಲ ಅಂತ ತೀರ್ಮಾನಿಸಿ, ಅಲ್ಲಿ ಬಲಗೈ ಹಗುರ ಮಾಡೋದು ಕಲಿತೆ.

ಗಮನಿಸಿದ್ರಾ? 1ನೇ ಕೋಲು ನನ್ನ 11,400ರ ಪೈಕಿ ಒಂದು. ದುಡ್ಡು ಕೊಟ್ಟಿದೀನಿ ಅಂತ ಅಲ್ಲ. ಆ ಜಾಗಕ್ಕೆ ಏಳು ಜೊತೆಯಲ್ಲಿ ಅದೇ ಸರಿಯಾಗಿ ಕೂತಿತು. ಉಳಿದ ಮೂರು ಡಬ್ಬಿಯಲ್ಲಿದ್ದ ಹಳೇವು.

ಮೊನ್ನೆ ರಾತ್ರಿ 3ನೇದರ ತಲೆ ಮೇಲೆ ದಾರ ಬಿಚ್ಚಿಕೊಂಡಿತ್ತು. ಅಮ್ಮ ಬ್ಲೌಸ್ ಹೊಲಿಗೆ ಪಕ್ಕಕ್ಕಿಟ್ಟು ಸೂಜಿ ತಗೊಂಡ್ರು. "ಎಷ್ಟು ಬಿಗಿ ಬೇಕು?" ಅಂತ ಕೇಳಿದ್ರು. ಬಿಗಿಯಾದ್ರೆ ಸದ್ದು ಗಟ್ಟಿಯಾಗುತ್ತೆ ಅಂದೆ. ಒಂದೊಂದು ಹೊಲಿಗೆ ಹಾಕಿ ನನ್ನ ಮುಂದೆ ಹಿಡಿದು, "ಒತ್ತಿ ನೋಡು, ಅದರ ಜೊತೆಯದ್ದರ ಥರ ಇದೆಯಾ?" ಅಂತ ಕೇಳಿ ಕೇಳಿ ಹೊಲಿದ್ರು. ಮುಗಿಸಿ ದಾರ ಕಚ್ಚಿ, "ಇದು ನಾಲ್ಕು ಸಾವಿರದ್ದಾ?" ಅಂದ್ರು.

ಭಾಗ 4 ಆಗಲೇ ಓದಿದ್ರು ಅಂತ ಕಾಣುತ್ತೆ.

ಭಾಗ 9/9
ನಿನ್ನೆ

ಆಯ್ತು.

ಫೋನ್ ಈ ಸಲ ಕೊನೇ ಸಾಲಲ್ಲಿ ಇಟ್ಟಿದ್ದೆ. ರೀಲ್ ನೋಡಿ, ಹೋದ ವರ್ಷದಷ್ಟು ಚಂದ ಇಲ್ಲ. ಫ್ಯಾನ್ ಸದ್ದಿದೆ, ಯಾರೋ ಕೆಮ್ಮಿದಾರೆ, ನಾನು ಹೆಬ್ಬೆರಳಿನಷ್ಟು ಕಾಣ್ತೀನಿ. ಆದ್ರೆ ಆ ಕುರ್ಚಿಯಲ್ಲಿ ಕೂತೋರಿಗೆ ಕೇಳಿಸಿದ್ದು ಹೆಚ್ಚುಕಮ್ಮಿ ಇದೇ.

ಮೂವತ್ತನೇ ಮೆಷರ್ ದಾಟಿದ ಮೇಲೆ ಒಂದು ಕಡೆ ತಪ್ಪಿದೆ. 4ನೇ ಕೋಲು ಪಕ್ಕದ ಪಟ್ಟಿಗೆ ಬಿತ್ತು. ಗಟ್ಟಿ ಕೋಲು, ಸ್ಪಷ್ಟವಾದ ತಪ್ಪು. ಮುಚ್ಚೋಕೆ ಕಂಬಳಿ ಇರಲಿಲ್ಲ. ಒಂದು ಕ್ಷಣ ಕಿವಿ ಬಿಸಿಯಾಯ್ತು. ಆದ್ರೂ ಕೈ ನಿಲ್ಲಲಿಲ್ಲ, ಮುಂದಿನ ತಗ್ಗಿನ ಸ್ವರ ಬಂತು, ಅದರ ಮೇಲೆ ಕಾಲೂರಿ ಮುಂದೆ ಹೋದೆ. ಆ ತಗ್ಗು ಬಿದ್ದ ಪಟ್ಟಿನೂ ಬಾರಿಸಿದೆ. ಅರ್ಧಚಂದ್ರ ಅಲ್ಲೇ ಇದೆ.

ಕೇಳಿದೋರಿಗೆ ಉಪಯೋಗ ಆಗಲಿ ಅಂತ ಚಿಕ್ಕದಾಗಿ. ಸೇವ್ ಮಾಡ್ಕೊಳ್ಳಿ. ಮರಿಂಬಾ ಇಲ್ಲದಿದ್ರೂ ಏನಾದ್ರೂ ಬಾರಿಸೋರಿಗೆ, ಹಾಡೋರಿಗೆ ಕೆಲಸಕ್ಕೆ ಬರಬಹುದು:

1. ಕೋಲು ಕೊಳ್ಳೋ ಮೊದಲು ಹಾಲ್‌ಗೆ ಹೋಗಿ ಚಪ್ಪಾಳೆ ತಟ್ಟಿ.
2. ಪ್ರಾಕ್ಟೀಸ್ ರೂಮಲ್ಲಿ ಇಷ್ಟ ಆದದ್ದನ್ನ ಹಾಲ್‌ನಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡಿ.
3. ನಿಮ್ಮದೇ ಪೀಸ್‌ನ ಬೇರೆಯವರಿಂದ ಬಾರಿಸಿ, ನೀವು ಕೊನೇ ಸಾಲಲ್ಲಿ ಕೂತು ಕೇಳಿ.
4. ದಾರ ಸುತ್ತದ ಗಟ್ಟಿ ಪ್ಲಾಸ್ಟಿಕ್ ತಲೆಯ ಕೋಲನ್ನ ಮರಿಂಬಾ ಹತ್ರ ತರಬೇಡಿ. ಪ್ಲೀಸ್.
5. ಕೊಟ್ಟ ದುಡ್ಡು ಹೋಯ್ತು. ಕಿವಿ ಏನು ಹೇಳುತ್ತೆ ನೋಡಿ.

ಕೆಳಗೆ ಇಳಿದು ಬಂದಾಗ ಬೆಂಚ್‌ಮೇಟ್ ಕಾಣಲಿಲ್ಲ. ಮಳೆ ಬರೋ ಹಾಗಿತ್ತು, ಬಸ್ ಹಿಡಿಯೋಕೆ ಹೋಗಿಬಿಟ್ಟಿದ್ಲು. ಮ್ಯಾಲೆಟ್‌ಗಳನ್ನ ಚೀಲಕ್ಕೆ ಹಾಕೋವಾಗ ಮೆಸೇಜ್ ಬಂತು. ಅವಳ ಪರ್ಮಿಷನ್ ತಗೊಂಡೇ ಹಾಕ್ತಿದೀನಿ, ಕೊನೇ ಫೋಟೋ:

"ಟ್ಯೂನ್ ಪೂರ್ತಿ ಬಂತು ಕಣೇ. ತಪ್ಪಿದ್ದೂ ಬಂತು. ನಾಳೆ ತಿಂಡಿ ಮರೀಬೇಡ."

#ಮರಿಂಬಾ #ಕೊನೇಸಾಲು #ಬಿಕಾಂಹುಡುಗಿ